ಹಕ್ಕುಗಳು: ಶ್ರೀಮತಿಯವರವು

ಪುಸ್ತಕ ಕೈಗೆ ಬಂದ ಕೂಡಲೇ ನಾನು ಮೊದಲು ತಿರುವಿ ನೋಡುವುದು ಶೀರ್ಷಿಕೆಯ ಬೆನ್ನಿಗಿರುವ ಪುಟವನ್ನು. ಸಮಾಜ ಪಾಠದ ಜೊತೆಗೆ ಶಾಲೆಯ ಪುಸ್ತಕದ ಬೀರುವಿನ ಕೀಲಿಕೈಯೂ ಇಪ್ಪತ್ತೆರಡು ವರ್ಷಗಳಿಂದ ನನ್ನ ಬಳಿಯೇ ಇರುವುದರಿಂದ ಬಂದ ಅಭ್ಯಾಸ ಇದು. ಮೊದಲ ಮುದ್ರಣ ಯಾವ ವರ್ಷ, ಪುಟಗಳೆಷ್ಟು, ಬೆಲೆಯೆಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯಬೇಕಲ್ಲ. ಆ ಪುಟದಲ್ಲಿ ಕಾಗದದ ತೂಕ ಕೂಡ ಇರುತ್ತದೆ, 70 ಜಿ.ಎಸ್.ಎಂ. ಮ್ಯಾಪ್‌ಲಿಥೊ ಎಂದು. ಕಾದಂಬರಿ ಓದುವವಳಿಗೆ ಕಾಗದದ ತೂಕ ಕಟ್ಟಿಕೊಂಡು ಏನಾಗಬೇಕೋ ಗೊತ್ತಿಲ್ಲ, ಆದರೂ ಓದುತ್ತೇನೆ.

ಅದೇ ಪುಟದಲ್ಲಿ ಒಂದು ಪುಟ್ಟ ವೃತ್ತ, ಅದರೊಳಗೆ ಇಂಗ್ಲಿಷಿನ ಸಿ ಅಕ್ಷರ, ಪಕ್ಕದಲ್ಲಿ 'ಹಕ್ಕುಗಳು: ಲೇಖಕರವು' ಎಂಬ ಸಾಲು. ಲೇಖಕರು ತೀರಿಕೊಂಡು ಪುಸ್ತಕ ಮರುಮುದ್ರಣವಾಗಿದ್ದರೆ ಆ ಸಾಲು ಬದಲಾಗಿರುತ್ತದೆ. 'ಹಕ್ಕುಗಳು: ಶ್ರೀಮತಿ' ಎಂದು ಶುರುವಾಗಿ ಒಂದು ಹೆಂಗಸಿನ ಹೆಸರು ಬಂದಿರುತ್ತದೆ. ಮುಖಪುಟದಲ್ಲಿ ಇಲ್ಲದ, ಮುನ್ನುಡಿಯಲ್ಲಿ ಇಲ್ಲದ, ಹೆಚ್ಚೆಂದರೆ ಅರ್ಪಣೆಯ ಪುಟದಲ್ಲಿ ಒಮ್ಮೆ ಇಣುಕಿದ ಹೆಸರು ಅದು. ಮನೆಗೆ ಬಂದ ಸಾಹಿತಿಗಳಿಗೆಲ್ಲ ಕಾಫಿ ಮಾಡಿಕೊಟ್ಟವಳು, ಪ್ರೂಫ್ ಕಟ್ಟುಗಳನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟವಳು ಕೊನೆಗೆ ಈ ಸಾಲಿಗೆ ಬಂದು ನಿಲ್ಲುತ್ತಾಳೆ. ಹೀಗೆ ಹಕ್ಕುದಾರಳಾದ ಮೇಲೆ ಅವಳಿಗೆ ಏನು ಸಿಗುತ್ತದೆ, ಅವಳನ್ನು ಯಾರು ಬಂದು ಕೇಳುತ್ತಾರೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಹುಡುಕುತ್ತಾ ಹೋದಾಗ ಮೊದಲು ಸಿಕ್ಕವಳು ತಮಿಳುನಾಡಿನ ಚೆಲ್ಲಮ್ಮ.

ಸುಬ್ರಹ್ಮಣ್ಯ ಭಾರತಿಯ ಹೆಸರು ನಮ್ಮ ಮಕ್ಕಳಿಗೂ ಪರಿಚಿತ. ಪೇಟ, ಮೀಸೆ, ಹಣೆಯ ಕುಂಕುಮದ ಆ ಚಿತ್ರ ಸ್ವಾತಂತ್ರ್ಯೋತ್ಸವದ ಪ್ರಬಂಧಗಳಲ್ಲಿ ಬಂದೇ ಬರುತ್ತದೆ. 1897ರಲ್ಲಿ ಚೆಲ್ಲಮ್ಮನ ಮದುವೆಯಾದಾಗ ಅವಳಿಗೆ ಏಳು ವರ್ಷ, ಅವನಿಗೆ ಹದಿನಾಲ್ಕು. ಇಂಗ್ಲಿಷರ ಕೈಗೆ ಸಿಗದಿರಲೆಂದು 1908ರಲ್ಲಿ ಭಾರತಿ ಫ್ರೆಂಚರ ಪುದುಚೇರಿಗೆ ಹೋದ. ಅಲ್ಲಿಯೇ ಹತ್ತು ವರ್ಷ. ಎರಡು ಹೆಣ್ಣುಮಕ್ಕಳು, ತಿಂಗಳ ವರಮಾನ ಎಂಬುದಿಲ್ಲ. 1920ರಲ್ಲಿ ತನ್ನ ಬರಹಗಳನ್ನೆಲ್ಲ ನಲವತ್ತು ಸಂಪುಟಗಳಲ್ಲಿ ತರುತ್ತೇನೆ, ಹಣ ಕೊಟ್ಟು ನೆರವಾಗಿ ಎಂದು ಜನರಿಗೆ ಪತ್ರ ಬರೆದ. ಹಣ ಬರಲಿಲ್ಲ. ಮರುವರ್ಷ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ, ದಿನಾ ಹಣ್ಣು ತಿನ್ನಿಸುತ್ತಿದ್ದ ಗುಡಿಯ ಆನೆಯೇ ಅವನನ್ನು ಕೆಡವಿತು. ಅದರಿಂದ ಚೇತರಿಸಿಕೊಂಡರೂ ದೇಹ ಮೊದಲಿನಂತಾಗಲಿಲ್ಲ. ಕೆಲವು ತಿಂಗಳಲ್ಲಿ, 1921ರ ಸೆಪ್ಟೆಂಬರಿನಲ್ಲಿ, ಕಾಯಿಲೆಯಿಂದ ತೀರಿಕೊಂಡ. ಮೂವತ್ತೊಂಬತ್ತು ತುಂಬಿರಲಿಲ್ಲ.

ಚೆಲ್ಲಮ್ಮನ ಕೈಯಲ್ಲಿ ಉಳಿದದ್ದು ಹಸ್ತಪ್ರತಿಗಳು. ಮನೆ, ಹೊಲ, ಬಂಗಾರ ಇದ್ದಿದ್ದರೆ ದಾಯಾದಿಗಳ ಜೊತೆ ಜಗಳವಾಗುತ್ತಿತ್ತು. ಕಾಗದದ ಕಟ್ಟಿಗೆ ಆಗ ಯಾರೂ ಜಗಳಕ್ಕೆ ಬರಲಿಲ್ಲ. ಅವಳು ಸುಮ್ಮನೆ ಕೂರಲಿಲ್ಲ. 'ಭಾರತಿ ಆಶ್ರಮ' ಎಂಬ ಹೆಸರಿನಲ್ಲಿ ಪ್ರಕಾಶನ ಆರಂಭಿಸಿ 1922ರಲ್ಲಿ ಗಂಡನ ದೇಶಭಕ್ತಿಯ ಹಾಡುಗಳನ್ನು ಅಚ್ಚು ಹಾಕಿಸಿದಳು. ಮೂವತ್ತೆರಡು ವರ್ಷದ ವಿಧವೆ, ಆ ಕಾಲದಲ್ಲಿ, ಅಂಥ ಮನೆತನದಲ್ಲಿ ಪ್ರೆಸ್ಸಿನವರ ಜೊತೆ ವ್ಯವಹರಿಸುವುದೆಂದರೆ ಏನೆಂದು ನಮ್ಮ ಅಜ್ಜಿಯರನ್ನು ಕಂಡ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಪ್ರಕಾಶನ ಹೆಚ್ಚು ಕಾಲ ನಡೆಯಲಿಲ್ಲ. ಮುಂದೆ ಭಾರತಿಯ ಮಲತಮ್ಮ ವಿಶ್ವನಾಥನ್ ಮತ್ತು ಜೊತೆಯವರ 'ಭಾರತಿ ಪ್ರಚುರಾಲಯ' ಪುಸ್ತಕಗಳನ್ನು ತಂದಿತು. 1931ರಲ್ಲಿ ಚೆಲ್ಲಮ್ಮ 4,000 ರೂಪಾಯಿಗೆ ಹಕ್ಕನ್ನು ಅವರಿಗೇ ಬರೆದುಕೊಟ್ಟಳು.

ಒಂದು ಸಲ ಮಾರಿದ ಮೇಲೆ ಹಾಡು ಕೈಯಿಂದ ಕೈಗೆ ಹೋಗತೊಡಗಿತು. ಅಚ್ಚು ಹಾಕುವ ಹಕ್ಕು ಬೇರೆ, ಗ್ರಾಮಫೋನ್ ತಟ್ಟೆಯಲ್ಲಿ ಹಾಡಿಸುವ ಹಕ್ಕು ಬೇರೆ ಎಂಬ ಸೂಕ್ಷ್ಮ ಆಗ ಮನೆಯವರಿಗೆ ಎಷ್ಟು ತಿಳಿದಿತ್ತೋ. 1934ರಲ್ಲಿ ಮದರಾಸಿನ ವ್ಯಾಪಾರಿ ಜೇಸಿಂಗ್‌ಲಾಲ್ ಮೆಹ್ತಾ ಧ್ವನಿಮುದ್ರಣದ ಹಕ್ಕನ್ನು ಕೆಲವೇ ನೂರು ರೂಪಾಯಿಗೆ ಕೊಂಡರು. 1946ರಲ್ಲಿ ಅದೇ ಹಕ್ಕನ್ನು ಸಿನಿಮಾದ ಎ.ವಿ. ಮೆಯ್ಯಪ್ಪನ್ ಅವರಿಂದ ಕೊಂಡರು. ಆಗ ಅದರ ಬೆಲೆ ಹತ್ತು ಸಾವಿರದ ಸಮೀಪ ಏರಿತ್ತು. 1947ರ 'ನಾಮ್ ಇರುವರ್' ಚಿತ್ರದಲ್ಲಿ ಡಿ.ಕೆ. ಪಟ್ಟಮ್ಮಾಳ್ ಹಾಡಿದ ಭಾರತಿಯ ಹಾಡುಗಳು ಮನೆಮನೆಯ ಮಾತಾದವು. ಆ ಮೇಲೆ ಬೇರೊಂದು ಚಿತ್ರದವರು ಭಾರತಿಯ ಹಾಡು ಬಳಸಿದಾಗ, ಹಕ್ಕು ನನ್ನದು ಎಂದು ಮೆಯ್ಯಪ್ಪನ್ ಆಕ್ಷೇಪಿಸಿದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ಆದರೆ ತಮಿಳರಿಗೆ ಸಿಟ್ಟು ಬಂತು. ಜೈಲಿಗೆ ಹೋಗುವಾಗ ಹಾಡಿಕೊಂಡ ಹಾಡಿಗೆ ಒಬ್ಬ ಯಜಮಾನ ಇದ್ದಾನೆಯೇ ಎಂದು ಸಭೆಗಳಾದವು, ಸಂಘ ಕಟ್ಟಿದರು, ಸರ್ಕಾರ ಇದನ್ನು ಕೊಂಡು ಜನರಿಗೆ ಕೊಡಲಿ ಎಂದು ಒತ್ತಾಯಿಸಿದರು. ಸಾಹಿತಿಗಳು ಊರೂರು ದಾಟಿ ಚೆಲ್ಲಮ್ಮನನ್ನು ಕಂಡು ಒಪ್ಪಿಗೆಯ ಪತ್ರವನ್ನೂ ಪಡೆದರು. ಅವಳು ಹಕ್ಕು ಮಾರಿ ಆಗಲೇ ಹದಿನೇಳು ವರ್ಷ ಆಗಿತ್ತು. ಕಾನೂನಿನಲ್ಲಿ ಅವಳ ಸಹಿಗೆ ಬೆಲೆಯಿರಲಿಲ್ಲ. ಆದರೂ ಹೋಗಿ ಕೇಳಿದರು. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಅದು.

1949ರಲ್ಲಿ ಮದರಾಸು ಸರ್ಕಾರ ಹಕ್ಕನ್ನು ತೆಗೆದುಕೊಂಡಿತು. ಮೆಯ್ಯಪ್ಪನ್ ಹಣ ಪಡೆಯದೆ ತಮ್ಮ ಪಾಲನ್ನು ಬಿಟ್ಟುಕೊಟ್ಟರು. ವಿಶ್ವನಾಥನ್‌ಗೆ 15,000 ರೂಪಾಯಿ. ಚೆಲ್ಲಮ್ಮನಿಗೂ ಮಕ್ಕಳಾದ ತಂಗಮ್ಮಾಳ್ ಮತ್ತು ಶಕುಂತಲೆಗೂ ತಲಾ 5,000. ಆಗಿನ ಮದರಾಸು ಪ್ರಾಂತ್ಯದಲ್ಲಿ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಇದ್ದವಾದ್ದರಿಂದ ಮಂಗಳೂರಿನವರು ಕಟ್ಟಿದ ತೆರಿಗೆಯ ಒಂದೆರಡು ಕಾಸೂ ಅದರಲ್ಲಿ ಸೇರಿರಬೇಕು ಎಂದು ನಾನು ಲೆಕ್ಕ ಹಾಕಿಕೊಂಡದ್ದುಂಟು. 1955ರಲ್ಲಿ ಸರ್ಕಾರ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆಗಿನ ಕಾನೂನಿನಂತೆ ಬರೆದವನು ಸತ್ತು ಐವತ್ತು ವರ್ಷ ಹಕ್ಕು ಇರುತ್ತದೆ, ಎಂದರೆ ಭಾರತಿಯ ಹಾಡು 1971ರ ಕೊನೆಯವರೆಗೆ ಬಂಧನದಲ್ಲಿರಬೇಕಿತ್ತು. ಹದಿನಾರು ವರ್ಷ ಮೊದಲೇ ಬಿಡುಗಡೆಯಾಯಿತು.

ಈಗ ನಮ್ಮಲ್ಲಿ ಈ ಅವಧಿ ಅರವತ್ತು ವರ್ಷ. ಏಕೆ ಹತ್ತು ವರ್ಷ ಹೆಚ್ಚಾಯಿತು ಎಂದರೆ ರವೀಂದ್ರನಾಥ ಠಾಕೂರರ ಕಾರಣಕ್ಕೆ. ಅವರು ತೀರಿಕೊಂಡದ್ದು 1941ರಲ್ಲಿ. 1991 ಮುಗಿದರೆ ವಿಶ್ವಭಾರತಿಯ ಕೈಯಿಂದ ಹಕ್ಕು ಹೋಗುತ್ತದೆ ಎಂಬಾಗ ಕೇಂದ್ರ ಸರ್ಕಾರ ಅವಸರದಲ್ಲಿ ಕಾನೂನು ತಿದ್ದಿ ಎಲ್ಲ ಲೇಖಕರಿಗೂ ಅರವತ್ತು ಮಾಡಿತು. ಒಬ್ಬ ಕವಿಗಾಗಿ ಇಡೀ ದೇಶದ ಕವಿಗಳಿಗೆಲ್ಲ ಹತ್ತು ವರ್ಷ ಸಿಕ್ಕಿತು. 2001ರ ಕೊನೆಗೆ ಆ ಹಕ್ಕೂ ಮುಗಿಯಿತು.

ನಮ್ಮ ಕಡೆಯದೊಂದು ಕಥೆಯೂ ಕೋರ್ಟಿನ ದಾಖಲೆಗಳಲ್ಲಿದೆ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದರು. ಇಳಿವಯಸ್ಸಿನಲ್ಲಿ ತಮ್ಮ ಕೆಲಸಕ್ಕೂ ಆರೈಕೆಗೂ ಜೊತೆಗಿದ್ದ ಮಾಲಿನಿ ಮಲ್ಯ ಅವರಿಗೆ ಕೃತಿಗಳ ಹಕ್ಕನ್ನು ಕೊಟ್ಟರು. 1997ರ ಡಿಸೆಂಬರಿನಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನವರು ಕಾರಂತರ ಶೈಲಿಯ 'ಅಭಿಮನ್ಯು ವಧೆ'ಯನ್ನು ಆಡಿಸಿದರು. ನನ್ನನ್ನು ಕೇಳಲಿಲ್ಲ ಎಂದು ಮಾಲಿನಿ ಮಲ್ಯ ಉಡುಪಿಯಲ್ಲಿ ದಾವೆ ಹೂಡಿದರು. ಕಾರಂತರು ನಮ್ಮ ಸಂಸ್ಥೆಯ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದರು, ಕಲಾವಿದರು ನಮ್ಮವರು, ಖರ್ಚು ನಮ್ಮದು, ಆದ್ದರಿಂದ ಕೃತಿ ನಮ್ಮದು ಎಂದು ಸಂಸ್ಥೆಯವರ ವಾದ. ಮೊಕದ್ದಮೆ ಉಡುಪಿಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ 2009ರ ಜನವರಿಯಲ್ಲಿ ತೀರ್ಪಾಯಿತು.

ಯಕ್ಷಗಾನ ಯಾರಪ್ಪನ ಆಸ್ತಿ ಎಂದು ಆಗ ನಮ್ಮ ಕಡೆ ಬಹಳ ಮಂದಿ ಕೇಳಿದರು. ಅಭಿಮನ್ಯುವಿನ ಕಥೆ ವ್ಯಾಸನದು, ಕುಣಿತ ತಲೆತಲಾಂತರದ್ದು, ಅದರಲ್ಲಿ ಹಕ್ಕೇನು ಬಂತು ಎಂದು. ತೀರ್ಪನ್ನು ನಿಧಾನವಾಗಿ ಓದಿದರೆ ಅದು ಹಾಗಿಲ್ಲ. ಯಕ್ಷಗಾನ ಯಾರದೂ ಅಲ್ಲ. ಕಾರಂತರು ಅದರಿಂದ ತೆಗೆದು, ಹೊಸದಾಗಿ ಜೋಡಿಸಿ, ರಂಗಕ್ಕೆ ಹೊಂದಿಸಿದ ಏಳು ಪ್ರಸಂಗಗಳು ಮಾತ್ರ ಅವರವು, ಅವರ ನಂತರ ಮಾಲಿನಿ ಮಲ್ಯ ಅವರವು. ಇನ್ನೊಂದು ತಿರುವೂ ಇದೆ. ಉಯಿಲಿನಲ್ಲಿ ಸಾಹಿತ್ಯ ಕೃತಿಗಳ ಮಾತಿತ್ತು. ನೃತ್ಯನಾಟಕ ಕಾನೂನಿನ ಕಣ್ಣಿನಲ್ಲಿ ಸಾಹಿತ್ಯವಲ್ಲ, ಅದು ನಾಟಕ ಕೃತಿ ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗಾದರೆ ಹಕ್ಕು ಹೋಯಿತೇ? ಇಲ್ಲ, ಉಳಿದದ್ದೆಲ್ಲ ಇವರಿಗೇ ಎಂಬ ಉಯಿಲಿನ ಕೊನೆಯ ಸಾಲು ಕಾಪಾಡಿತು. ಉಯಿಲು ಬರೆಯುವ ಮನೆಯವರಿಗೆ ನಾನು ಈ ಸಾಲನ್ನು ನೆನಪಿಸುತ್ತಿರುತ್ತೇನೆ. ಜೊತೆಗೆ ಕೋರ್ಟು, ಕಾನೂನಿನಲ್ಲಿ ಕೊಟ್ಟಿರುವ ವಿನಾಯಿತಿಗಳಿಗೆ ಈ ತಡೆ ಅನ್ವಯಿಸದು ಎಂದೂ ಹೇಳಿತು. ಟಿಕೆಟ್ಟಿಲ್ಲದೆ ಹವ್ಯಾಸಿಗಳು ಆಡುವುದು, ಶಾಲೆಯ ಮಕ್ಕಳು ತಮ್ಮ ತಂದೆತಾಯಿ, ಅಧ್ಯಾಪಕರ ಮುಂದೆ ಆಡುವುದು ಇಂಥವಕ್ಕೆ ಅಡ್ಡಿಯಿಲ್ಲ. ವಾರ್ಷಿಕೋತ್ಸವ ನಡೆಸುವ ನಮ್ಮಂಥವರಿಗೆ ಇದು ನೆಮ್ಮದಿಯ ವಿಷಯ.

ಇಲ್ಲಿ ನನ್ನ ಚಿಕ್ಕಮ್ಮನ ಪ್ರಸಂಗ ಹೇಳಬೇಕು.

ಚಿಕ್ಕಮ್ಮ ಏಳನೆಯ ತರಗತಿವರೆಗೆ ಓದಿದವಳು. ಸಾಗರದ ಸುತ್ತಿನ ಮದುವೆ ಮನೆಗಳಲ್ಲಿ ಅವಳಿಲ್ಲದೆ ಹಸೆಗೆ ಕರೆಯುವ ಹಾಡಿಲ್ಲ. ಕೇಳಿ ಕಲಿತದ್ದನ್ನು ಹಾಡುತ್ತಿದ್ದಳು, ಸಾಲದಿದ್ದರೆ ಕಟ್ಟುತ್ತಿದ್ದಳು. ಬೀಗರನ್ನು ಗೇಲಿ ಮಾಡುವ ಹಾಡುಗಳಲ್ಲಿ ಅವಳದು ಎತ್ತಿದ ಕೈ. ಎರಡು ಮನೆಯವರು ಬೇಸರಿಸಿಕೊಂಡು ಊಟಕ್ಕೇಳದೆ ಕೂತದ್ದೂ ಉಂಟು. ತಾನು ಕಟ್ಟಿದ್ದನ್ನು ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಕ್ಯಾಸೆಟ್ಟುಗಳ ಭರಾಟೆಯ ಕಾಲ ಅದು, 1991. ಶಹರದಿಂದ ಮೂವರು ಬಂದು, ಟೇಪ್‌ರೆಕಾರ್ಡರ್ ಮುಂದಿಟ್ಟು, ಎರಡು ದಿನ ಅವಳಿಂದ ಹಾಡಿಸಿಕೊಂಡು ಹೋದರು. ಚಿಕ್ಕಮ್ಮ ಅವರಿಗೆ ತೊಡೆದೇವು ಕಟ್ಟಿಕೊಟ್ಟು ಕಳಿಸಿದಳು. ವರ್ಷದೊಳಗೆ ಕ್ಯಾಸೆಟ್ ಬಂತು. ಹಾಡಿದವರ ಹೆಸರಿತ್ತು, ಸಂಗೀತ ಸಂಯೋಜಿಸಿದವರ ಹೆಸರಿತ್ತು, ಸಾಹಿತ್ಯ ಎಂಬಲ್ಲಿ 'ಸಾಂಪ್ರದಾಯಿಕ' ಎಂದಿತ್ತು.

ಚಿಕ್ಕಪ್ಪ ಕಿಡಿಕಿಡಿಯಾದರು. ಚಿಕ್ಕಮ್ಮ ಪೂರ್ತಿ ಕೇಳಿ, "ರಾಗ ಚೆನ್ನಾಗಿ ಎಳೀತಾಳೆ ಹುಡುಗಿ" ಎಂದಳು. ಅವಳಿಗೆ ನೋವಾದದ್ದು ಒಂದೇ ಕಡೆ. ದೊಡ್ಡ ಮಗಳು ಹುಟ್ಟಿದಾಗ ಕಟ್ಟಿದ ತೊಟ್ಟಿಲ ಹಾಡಿನಲ್ಲಿ ಆ ಮಗಳ ಹೆಸರು ಪ್ರತಿ ನುಡಿಯ ಕೊನೆಗೆ ಬರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಅದನ್ನು ತೆಗೆದು 'ಕಂದಮ್ಮ' ಎಂದು ಸೇರಿಸಿದ್ದರು. ಎಲ್ಲರ ಮನೆಯಲ್ಲೂ ಮಾರಾಟವಾಗಬೇಕಲ್ಲ. "ಹೆಸರು ತೆಗೆದರೆ ಪ್ರಾಸ ಕೂರಲ್ಲ ಅಂತಾದ್ರೂ ಗೊತ್ತಾಗಬಾರದಾ" ಎಂದಳು. ಅಲ್ಲೇ ಇದ್ದ ಅಕ್ಕ ಏನೂ ಹೇಳಲಿಲ್ಲ. ಆಗ ಅವಳಿಗೇ ತೊಟ್ಟಿಲಲ್ಲಿ ಮಗುವಿತ್ತು.

ಪರಂಪರೆಯ ಹಾಡಿಗೆ ಹೆಸರೇಕೆ ಎನ್ನುವವರಿಗೆ ನಾನು ಅಂಕಿತದ ಕಡೆ ಬೆರಳು ಮಾಡುತ್ತೇನೆ. ಅಕ್ಕಮಹಾದೇವಿ ಪ್ರತಿ ವಚನದ ಕೊನೆಗೆ ಚೆನ್ನಮಲ್ಲಿಕಾರ್ಜುನನನ್ನು ಕರೆದಳು. ಹೆಳವನಕಟ್ಟೆ ಗಿರಿಯಮ್ಮ ತನ್ನೂರಿನ ರಂಗನನ್ನೇ ಅಂಕಿತ ಮಾಡಿಕೊಂಡಳು. ಹಾಡಿ, ಬರೆದುಕೊಳ್ಳಿ, ಹಂಚಿ, ಯಾರೂ ಬೇಡವೆನ್ನಲಿಲ್ಲ. ಆದರೆ ಅಂಕಿತ ಕೀಳುವಂತಿಲ್ಲ. ಕಿತ್ತು ತನ್ನದನ್ನು ಇಟ್ಟವನಿಗೆ ಕೃತಿಚೋರ ಎಂಬ ಹೆಸರು ಅಂದಿನಿಂದಲೇ ಇದೆ. ಪ್ರತಿ ಮಾಡುವುದಂತೂ ಪುಣ್ಯದ ಕೆಲಸವಾಗಿತ್ತು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ನಾವೇ ಪಾಠ ಮಾಡುತ್ತೇವೆ. ಓಲೆಗರಿ ಹದ ಮಾಡುವುದರಿಂದ ಹಿಡಿದು ಕಂಠದಲ್ಲಿ ಕೊರೆಯುವವರೆಗೆ ಒಂದೊಂದು ಪ್ರತಿಗೂ ಎಷ್ಟು ಜನರ ಎಷ್ಟು ದಿನದ ದುಡಿಮೆ! ಆ ಸಾವಿರ ಪ್ರತಿಗಳಲ್ಲೂ ಪೊನ್ನನ ಹೆಸರು ಪೊನ್ನನದೇ.

ಈಗಿನ ಮುಕ್ತ ಪರವಾನಗಿ ಎಂಬುದು ಹೆಚ್ಚುಕಡಿಮೆ ಈ ಅಂಕಿತದ ನ್ಯಾಯವೇ. ಅಮೆರಿಕದಲ್ಲಿ 2001ರಲ್ಲಿ 'ಕ್ರಿಯೇಟಿವ್ ಕಾಮನ್ಸ್' ಎಂಬ ಸಂಸ್ಥೆ ಹುಟ್ಟಿ, ಮರುವರ್ಷ ಕೆಲವು ಬಗೆಯ ಪರವಾನಗಿಗಳ ಮಾದರಿ ಸಿದ್ಧ ಮಾಡಿತು. ಅದರಲ್ಲಿ ಒಂದರ ತಿರುಳು ಹೀಗೆ: ನನ್ನ ಕೃತಿಯನ್ನು ನನ್ನನ್ನು ಕೇಳದೆಯೇ ಪ್ರತಿ ಮಾಡಿ, ಅನುವಾದಿಸಿ, ಬೇಕಾದರೆ ಮಾರಿ, ನನ್ನ ಹೆಸರು ಹೇಳಿ, ನೀವು ಮಾಡಿದ್ದನ್ನೂ ಇದೇ ಷರತ್ತಿನ ಮೇಲೆ ಇತರರಿಗೆ ಕೊಡಿ. ಹಕ್ಕನ್ನು ಬಿಟ್ಟುಬಿಡುವುದಲ್ಲ, ಹಕ್ಕು ಇಟ್ಟುಕೊಂಡೇ ಬಾಗಿಲು ತೆರೆದಿಡುವುದು. 'ಚಿರಸ್ಮರಣೆ'ಯ ನಿರಂಜನರ ಕೃತಿಗಳನ್ನು ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಹೀಗೆ ಬಿಡುಗಡೆ ಮಾಡಿದರು, ಐವತ್ತಕ್ಕೂ ಹೆಚ್ಚು ಪುಸ್ತಕ. ನಿರಂಜನರು ತೀರಿಕೊಂಡದ್ದು 1992ರಲ್ಲಿ. ಕಾನೂನಿನ ದಾರಿ ಕಾದಿದ್ದರೆ 2052 ಮುಗಿಯಬೇಕಿತ್ತು. ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕಕ್ಕಾಗಿ ಅಲೆದ ನನ್ನಂಥ ಬೀರುವಿನ ಕಾವಲುಗಾರ್ತಿಗೆ ಇದರ ಬೆಲೆ ಗೊತ್ತು.

ಆದರೆ ಕೊಡುವುದನ್ನು ಬರೀ ಹೊಗಳಿಬಿಡಲು ನನಗೆ ಮನಸ್ಸಿಲ್ಲ. ಟಾಲ್‌ಸ್ಟಾಯ್ 1891ರಲ್ಲಿ, 1881ರ ನಂತರ ತಾನು ಪ್ರಕಟಿಸಿದ್ದನ್ನೆಲ್ಲ ಯಾರು ಬೇಕಾದರೂ ಪುಕ್ಕಟೆ ಅಚ್ಚು ಹಾಕಬಹುದು ಎಂದು ಪತ್ರಿಕೆಗಳಲ್ಲಿ ಸಾರಿದ. ಜಗತ್ತೆಲ್ಲ ಮಹಾತ್ಮ ಎಂದಿತು. ಹೆಂಡತಿ ಸೋಫಿಯಾ ಹದಿಮೂರು ಮಕ್ಕಳನ್ನು ಹೆತ್ತವಳು; 'ಯುದ್ಧ ಮತ್ತು ಶಾಂತಿ'ಯ ಗೀಚು ಬರಹವನ್ನು ರಾತ್ರಿಯೆಲ್ಲ ಕೂತು ಮತ್ತೆ ಮತ್ತೆ ನಕಲು ಮಾಡಿಕೊಟ್ಟವಳು; ಗಂಡನ ಕೃತಿಗಳನ್ನು ತಾನೇ ಅಚ್ಚು ಹಾಕಿಸಿ ಮಾರಿ ಸಂಸಾರ ತೂಗಿಸುತ್ತಿದ್ದವಳು. ಹಿಂದಿನ ಕೃತಿಗಳ ಹಕ್ಕು ಅವಳ ಬಳಿ ಉಳಿಯಿತು, ಆದರೆ ಜಗಳ ನಿಲ್ಲಲಿಲ್ಲ. 1910ರಲ್ಲಿ ಅವಳಿಗೆ ಗೊತ್ತಾಗದಂತೆ ಇನ್ನೊಂದು ಉಯಿಲು ಬರೆದು, ಎಲ್ಲವೂ ಜನರ ಸೊತ್ತಾಗಲೆಂದು ಮಗಳು ಅಲೆಕ್ಸಾಂಡ್ರಾಳ ಹೆಸರಿಗೆ ಹಕ್ಕು ಮಾಡಿದ. ಆ ವರ್ಷವೇ ರಾತ್ರೋರಾತ್ರಿ ಮನೆಬಿಟ್ಟು ಹೋಗಿ ಅಸ್ತಾಪೊವೊ ಎಂಬ ರೈಲು ನಿಲ್ದಾಣದಲ್ಲಿ ತೀರಿಕೊಂಡ. ಸೋಫಿಯಾಳನ್ನು ಗಯ್ಯಾಳಿ ಎಂದು ಬರೆದ ಪುಸ್ತಕಗಳನ್ನು ನೀವೂ ಓದಿರಬಹುದು. ಲೋಕಕ್ಕೆ ದಾನ ಮಾಡುವ ಗಂಡಸು, ಅಡುಗೆಮನೆಯ ಡಬ್ಬಿಗಳನ್ನೊಮ್ಮೆ ತೆರೆದು ನೋಡಿ ಆಮೇಲೆ ದಾನಕ್ಕೆ ಹೊರಡಬೇಕು ಎಂಬುದು ನನ್ನ ಅಭಿಪ್ರಾಯ.

ಈ ಹಳೆಯ ಕಥೆಗಳನ್ನೆಲ್ಲ ಈಗ ಏಕೆ ಕೆದಕಿದೆ ಎಂದರೆ, ಹಕ್ಕಿನ ಬಾಗಿಲಿಗೆ ಹೊಸ ನೆಂಟ ಬಂದಿದ್ದಾನೆ. ಕಳೆದ 2025ರ ಮಾರ್ಚಿನಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಮೊಬೈಲಿನಲ್ಲೂ ಒಂದೇ ಬಗೆಯ ಚಿತ್ರ. ಗಣಿತದ ಟೀಚರ್ ಅವರ ಮದುವೆ ಫೋಟೋ, ಪಿ.ಟಿ. ಮಾಸ್ಟರ ಮೊಮ್ಮಗು, ಎಲ್ಲ ದೊಡ್ಡ ಕಣ್ಣಿನ ಜಪಾನೀ ಬೊಂಬೆಯ ಚಿತ್ರಗಳಾಗಿದ್ದವು. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಫೋಟೋ ಕೊಟ್ಟರೆ ನಿಮಿಷದಲ್ಲಿ ಆಗುತ್ತದೆ. ಮುದ್ದಾಗಿಯೇ ಇದ್ದವು. ಅದು ಘಿಬ್ಲಿ ಎಂಬ ಜಪಾನಿನ ಸ್ಟುಡಿಯೋದ ಶೈಲಿ. 1985ರಲ್ಲಿ ಸ್ಥಾಪನೆಯಾದ ಆ ಸ್ಟುಡಿಯೋದಲ್ಲಿ ಹಯಾವೊ ಮಿಯಾಝಾಕಿ ಮತ್ತು ಜೊತೆಯವರು ಒಂದೊಂದು ಚಿತ್ರಿಕೆಯನ್ನೂ ಕೈಯಿಂದ ಬರೆದು ಸಿನಿಮಾ ಮಾಡಿದವರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾನೂನಿನಲ್ಲಿ ಶೈಲಿಗೆ ಹಕ್ಕಿಲ್ಲ, ಚಿತ್ರಕ್ಕೆ ಮಾತ್ರ. ಕಾರಂತರ ತೀರ್ಪಿನ ತರ್ಕವೂ ಅದೇ ಜಾತಿಯದು. ಆದರೆ ಶೈಲಿ ಕಲಿಯಬೇಕಾದರೆ ಯಂತ್ರಕ್ಕೆ ಚಿತ್ರಗಳನ್ನು ತೋರಿಸಲೇಬೇಕಲ್ಲ. ಅವನ್ನು ಎಲ್ಲಿಂದ ತಂದರು, ಯಾರನ್ನು ಕೇಳಿದರು?

ಬರಹದ್ದೂ ಇದೇ. ಯಂತ್ರಕ್ಕೆ ಕೋಟಿಗಟ್ಟಲೆ ಪುಟ ಓದಿಸುತ್ತಾರೆ. ಅದು ಪುಸ್ತಕವನ್ನು ಬೀರುವಿನಲ್ಲಿಟ್ಟಂತೆ ಇಟ್ಟುಕೊಳ್ಳುವುದಿಲ್ಲವಂತೆ. ಯಾವ ಮಾತಿನ ನಂತರ ಯಾವ ಮಾತು ಬರುತ್ತದೆ ಎಂಬ ಜಾಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೇಳಿದರೆ ಆ ಜಾಡಿನಲ್ಲಿ ಹೊಸದನ್ನು ಬರೆಯುತ್ತದೆ. ಇದು ಕಳವೇ, ಕಲಿಕೆಯೇ? ನಾನೂ ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ಓದಿಯೇ ಕನ್ನಡ ಬರೆಯಲು ಕಲಿತವಳು. ಅವರ ಮನೆಯವರಿಗೆ ಕಪ್ಪ ಕಟ್ಟಿಲ್ಲ. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಇದೇ ಬಗೆಯ ವಿಚಾರ ಮಾಡಿದರು. ಆಂಥ್ರೋಪಿಕ್ ಎಂಬ ಕಂಪನಿಯ ಮೇಲೆ ಲೇಖಕರು ಹೂಡಿದ ದಾವೆ ಅದು. ಪುಸ್ತಕ ಓದಿಸಿ ಯಂತ್ರಕ್ಕೆ ಕಲಿಸುವುದು ನ್ಯಾಯವಾದ ಬಳಕೆಯೇ, ಆದರೆ ಲಕ್ಷಾಂತರ ಪುಸ್ತಕಗಳನ್ನು ಕಳ್ಳಪ್ರತಿಗಳ ತಾಣಗಳಿಂದ ಇಳಿಸಿ ಇಟ್ಟುಕೊಂಡದ್ದು ಹಾಗಲ್ಲ ಎಂದರು. ಕಂಪನಿ 150 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತು, ಪುಸ್ತಕಕ್ಕೆ ಸುಮಾರು 3,000 ಡಾಲರ್. ಚೆಲ್ಲಮ್ಮನ 4,000 ರೂಪಾಯಿಯ ಎದುರು ಇದು ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಸಿಗುವುದು ಅಮೆರಿಕದ ಕಚೇರಿಯಲ್ಲಿ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ನಮ್ಮ ದೇಶದಲ್ಲಿ ಹಕ್ಕಿಗೆ ನೋಂದಣಿಯೇ ಬೇಕಿಲ್ಲ, ಬರೆದ ಕ್ಷಣ ಹಕ್ಕು ಹುಟ್ಟುತ್ತದೆ. ಧಾರವಾಡದಲ್ಲೋ ಪುತ್ತೂರಿನಲ್ಲೋ ಅಚ್ಚಾದ ಕಾದಂಬರಿಯನ್ನು ಯಾರು ಹೋಗಿ ಅಮೆರಿಕದಲ್ಲಿ ನೋಂದಾಯಿಸುತ್ತಾರೆ? ಇಲ್ಲಿಯೂ ಎ.ಎನ್.ಐ. ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಓಪನ್‌ಎಐ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು.

ಕಲಿಕೆ ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದವಳು ಓದಿ ಕಲಿಯುವುದನ್ನು ಕಳವು ಎನ್ನಲಾರೆ. ನಾನು ಓದಿದ ತ್ರಿವೇಣಿಯ ಕಾದಂಬರಿಯನ್ನು ಯಾರೋ ದುಡ್ಡು ಕೊಟ್ಟು ಕೊಂಡಿದ್ದರು, ಸರ್ಕ್ಯುಲೇಟಿಂಗ್ ಲೈಬ್ರರಿಯವನಾದರೂ ಸರಿ. ಯಾರಿಂದ ಕಲಿತೆ ಎಂದು ಕೇಳಿದರೆ ನಾನು ಹೆಸರು ಹೇಳಬಲ್ಲೆ, ಹೇಳುವುದಕ್ಕೆ ಹೆಮ್ಮೆಯೂ ಇದೆ. ಯಂತ್ರ ಬರೆದುಕೊಟ್ಟದ್ದರಲ್ಲಿ ಅಂಕಿತ ಇರುವುದಿಲ್ಲ. ನಿರಂಜನರ ಪುಸ್ತಕಗಳನ್ನು ಹೆಸರು ಹೇಳಿ ಬಳಸಿ ಎಂದು ಬಿಟ್ಟುಕೊಟ್ಟರಲ್ಲ, ಯಂತ್ರ ಅವನ್ನು ಓದಿ ಕನ್ನಡ ಕಲಿತಿದ್ದರೆ ಆ ಷರತ್ತು ಎಲ್ಲಿ ಹೋಯಿತು? ವಕೀಲರು ಇದನ್ನು ಇನ್ನೂ ವಾದಿಸುತ್ತಿದ್ದಾರೆ. ಹಾಗೆಂದು ಎಲ್ಲ ಬಾಗಿಲು ಮುಚ್ಚಿಬಿಟ್ಟರೆ ಯಂತ್ರಕ್ಕೆ ನಮ್ಮ ಕನ್ನಡವೇ ಬಾರದೆ, ನಮ್ಮ ಮೊಮ್ಮಕ್ಕಳು ಅದರ ಜೊತೆ ಇಂಗ್ಲಿಷಿನಲ್ಲೇ ಮಾತಾಡುವಂತಾಗುತ್ತದೆ ಎಂಬ ಚಿಂತೆಯೂ ನನಗಿದೆ. ಎರಡು ಚಿಂತೆಗಳೂ ಒಟ್ಟಿಗೇ ಇವೆ.

ಇವು ದೂರದ ಮಾತಾಗಿ ಉಳಿಯಲಿಲ್ಲ. ಚಿಕ್ಕಮ್ಮ 1998ರಲ್ಲಿ ತೀರಿಕೊಂಡಳು. ನೋಟುಬುಕ್ಕು ದೊಡ್ಡ ಅಕ್ಕನ ಮನೆಯ ಕಪಾಟಿನಲ್ಲಿದೆ. ಬೆಂಗಳೂರಿನಲ್ಲಿರುವ ಅವಳ ಮಗ ಕಳೆದ ಬೇಸಿಗೆಯಲ್ಲಿ ಬಂದವನು, ಅಜ್ಜಿಯ ಹಾಡುಗಳನ್ನು ಟೈಪು ಮಾಡಿ ಅಂತರಜಾಲದಲ್ಲಿ ಮುಕ್ತ ಪರವಾನಗಿಯಲ್ಲಿ ಹಾಕೋಣ, ಇಲ್ಲದಿದ್ದರೆ ಗೆದ್ದಲಿಗೆ ಹೋಗುತ್ತದೆ ಎಂದ. ಅಕ್ಕನಿಗೆ ಕ್ಯಾಸೆಟ್ಟು ನೆನಪಾಯಿತು. "ಆವತ್ತು ಮೂರು ಜನ ಬಂದು ಊಟ ಮಾಡಿಯಾದರೂ ಹೋಗಿದ್ದರು, ಈ ಮಶೀನಿಗೆ ಅದೂ ಬೇಡವಲ್ಲ" ಎಂದು ನನಗೆ ಫೋನ್ ಮಾಡಿದಳು. ನಾನು ಅವಳಿಗೆ ಚೆಲ್ಲಮ್ಮನ ಕಥೆ, ನಿರಂಜನರ ಕಥೆ ಎರಡನ್ನೂ ಹೇಳಿದೆ. ಕಾನೂನಿನಂತೆ ಹಕ್ಕು 2058ರ ಕೊನೆಯವರೆಗೆ ಇದೆ, ಅದು ನೀವು ಮೂವರು ಒಡಹುಟ್ಟಿದವರದು, ಮೂವರೂ ಒಪ್ಪಬೇಕು ಎಂದೆ. "ನಮ್ಮ ಮನೆಯಲ್ಲಿ ತೋಟ ಪಾಲಾಗುವಾಗ ನನ್ನ ಸಹಿ ಹಾಕಿಸಿಕೊಂಡಿದ್ದು ಗೊತ್ತು. ಅಮ್ಮನ ಹಾಡಿಗೂ ಸಹಿ ಹಾಕೋ ಹಾಗಾಯ್ತು ನೋಡೇ" ಎಂದು ನಕ್ಕಳು.

ಎರಡು ತಿಂಗಳು ಯೋಚಿಸಿ ಮೂವರೂ ಒಪ್ಪಿದರು. ಹುಬ್ಬಳ್ಳಿಯ ತಮ್ಮ ಬಿಳಿ ಹಾಳೆಯಲ್ಲಿ ಒಪ್ಪಿಗೆ ಬರೆದು, ಸಹಿ ಹಾಕಿ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ. ಮೊದಲ ಪುಟದಲ್ಲಿ 'ಕಟ್ಟಿದವರು' ಎಂದು ಚಿಕ್ಕಮ್ಮನ ಹೆಸರು, ಊರು, ಹುಟ್ಟಿದ ವರ್ಷ ಇರುತ್ತದೆ. ತೊಟ್ಟಿಲ ಹಾಡಿನ ಹಾಳೆಯನ್ನು ಮಾತ್ರ ಅಕ್ಕ ನೋಟುಬುಕ್ಕಿನಿಂದ ಬಿಡಿಸಿ ತನ್ನ ಸೀರೆಯ ಟ್ರಂಕಿನಲ್ಲಿಟ್ಟುಕೊಂಡಿದ್ದಾಳೆ. ಅದನ್ನು ಟೈಪು ಮಾಡಲು ಕೊಟ್ಟಿಲ್ಲ. ಉಳಿದ ಮೂವತ್ತೊಂದು ಹಾಡುಗಳ ಕಾಗುಣಿತ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಚಿಕ್ಕಮ್ಮ ಹಕಾರವನ್ನು ಬಹಳ ಕಡೆ ಅಕಾರ ಮಾಡಿದ್ದಾಳೆ. ಹಾಡಿ ನೋಡಿದರೆ ಅಲ್ಲಿ ಅಕಾರವೇ ಸರಿಯಾಗಿ ಕೂರುತ್ತದೆ, ಆದ್ದರಿಂದ ತಿದ್ದದೆ ಬಿಟ್ಟಿದ್ದೇನೆ.